ಹೋಳಿ ಮುಗಿದರೆ ಮಗನ ಅಂಗಾಲಲ್ಲಿ ಬೊಬ್ಬೆ. ಮನೆತನದಲ್ಲಿ ಬರುವ ಗುಳ್ಳೆ ರೋಗ ಇಬಿ ಸಿಂಪ್ಲೆಕ್ಸ್ ಇರುವವರು ಬೇಸಿಗೆ ಹೇಗೆ ಕಳೆಯುತ್ತೀರಿ?

ಫರಸಿಕಲ್ಲು:

ನಮಸ್ಕಾರ ಎಲ್ಲರಿಗೂ. ನಾವಿರುವುದು ಕಲಬುರಗಿ. ಮಗನಿಗೆ ಎಂಟು ವರ್ಷ. ಹೋಳಿ ಮುಗಿಯಿತು ಅಂದರೆ ನಮ್ಮ ಮನೆಯಲ್ಲಿ ಬೊಬ್ಬೆ ಸೀಸನ್ ಶುರು. ಅಂಗಾಲು, ಹಿಮ್ಮಡಿ, ಬೆರಳ ಸಂದಿ, ಚಪ್ಪಲಿ ಎಲ್ಲೆಲ್ಲಿ ಉಜ್ಜುತ್ತದೋ ಅಲ್ಲೆಲ್ಲ ನೀರು ತುಂಬಿದ ಗುಳ್ಳೆ. ಇದೇ ಹುಡುಗ ಚಳಿಗಾಲದಲ್ಲಿ ಇಡೀ ಓಣಿ ಸುತ್ತಿ ಬರುತ್ತಾನೆ, ಆದರೆ ಒಂದೆರಡು ಗುಳ್ಳೆ, ಅಷ್ಟೇ.

ಈ ಸಲ ಶರಣಬಸವೇಶ್ವರ ಜಾತ್ರೆಗೆ ಹೋಗಿದ್ದೆವು. ಅಪ್ಪನ ಹೆಗಲ ಮೇಲೆ ಕೂತು ತೇರು ನೋಡಿದ. ಆಮೇಲೆ ಇಳಿಸು ಇಳಿಸು ಅಂತ ಹಟ. ಅಂಗಡಿ ಸಾಲಲ್ಲಿ ಅರ್ಧ ಗಂಟೆ ನಡೆದಿರಬೇಕು, ಜಾಸ್ತಿ ಇಲ್ಲ. ರಾತ್ರಿ ಸಾಕ್ಸ್ ಬಿಚ್ಚಿದರೆ ಎಡಗಾಲ ಹಿಮ್ಮಡಿಯಲ್ಲಿ ನಿಂಬೆಹಣ್ಣಿನ ಗಾತ್ರದ್ದು ಒಂದು, ಹೆಬ್ಬೆರಳ ಬುಡದಲ್ಲಿ ಮೂರು. ನಾಲ್ಕು ದಿನ ಅಂಬೆಗಾಲಿಟ್ಟು ಬಚ್ಚಲಿಗೆ ಹೋದ. ಎಂಟು ವರ್ಷದ ಹುಡುಗ. ನೋಡೋಕೆ ಆಗುವುದಿಲ್ಲ ರೀ.

ಮೂರು ವರ್ಷ ಫಂಗಸ್ ಅಂತ ಮುಲಾಮು ಹಚ್ಚಿದ್ದೇ ಬಂತು. ಹೋದ ವರ್ಷ ಒಬ್ಬ ಚರ್ಮದ ಡಾಕ್ಟರ್ "ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇದೆಯಾ" ಅಂತ ಕೇಳಿದರು. ನಾನು ಇಲ್ಲ ಅನ್ನುವಷ್ಟರಲ್ಲಿ ನಮ್ಮವರು ಬಗ್ಗಿ ಸುಮ್ನೆ ಬೂಟು ಬಿಚ್ಚಿದರು. ಹತ್ತು ವರ್ಷ ಸಂಸಾರ ಮಾಡಿದ್ದೇನೆ. ಬೇಸಿಗೆಯಲ್ಲಿ ಅವರು ಹಿಮ್ಮಡಿ ಊರದೆ ನಡೆಯುವುದನ್ನು ನೋಡಿ, ಅವರ ನಡಿಗೆಯೇ ಹಾಗೆ ಅಂದುಕೊಂಡಿದ್ದೆ. ಮಾವನವರಿಗೂ ಇತ್ತಂತೆ. ಹೊಲದಿಂದ ಬಂದು ಕಟ್ಟೆ ಮೇಲೆ ಕೂತು ಜಾಲಿ ಮುಳ್ಳಲ್ಲಿ ಗುಳ್ಳೆ ಚುಚ್ಚಿಕೊಳ್ಳುತ್ತಿದ್ದರಂತೆ. ಮನೆತನದ ಕಾಲು ಅಂತ ಅಷ್ಟಕ್ಕೇ ಬಿಟ್ಟಿದ್ದಾರೆ. ನಾವು ರಕ್ತ ಕಳಿಸಿ ಜೀನ್ ಟೆಸ್ಟ್ ಮಾಡಿಸಿದೆವು. ಎಪಿಡರ್ಮೊಲೈಸಿಸ್ ಬುಲ್ಲೋಸಾ (ಇಬಿ) ಸಿಂಪ್ಲೆಕ್ಸ್, ಮುಖ್ಯವಾಗಿ ಕೈ ಕಾಲಿಗೆ ಬರುವ ಬಗೆ ಅಂತ ಗೊತ್ತಾಯಿತು. ಪೂರ್ತಿ ಗುಣ ಮಾಡುವ ಔಷಧಿ ಇಲ್ಲ, ಬಿಸಿಲು ಮತ್ತು ಉಜ್ಜಾಟ ತಪ್ಪಿಸಿ ಅಂದರು. ಕಲಬುರಗಿಯಲ್ಲಿ ಕೂತವರಿಗೆ ಬಿಸಿಲು ತಪ್ಪಿಸಿ ಅಂದರೆ ಹೊಳೆಯಲ್ಲಿ ನಿಂತವನಿಗೆ ನೆನೆಯಬೇಡ ಅಂದ ಹಾಗೆ.

ಈಗ ನನ್ನ ತಲೆನೋವು ಏನೆಂದರೆ, ಗುಳ್ಳೆ ಒಡೆಯಬೇಕೋ ಬಿಡಬೇಕೋ? ಚುಚ್ಚಿದರೆ ಆ ನೀರು ತಾಗಿ ಬೇರೆ ಕಡೆ ಏಳುತ್ತದೆ ಅಂತಾರೆ ಅತ್ತೆ. ಪರೀಕ್ಷೆ ಮುಗಿಯುವವರೆಗೆ ಶಾಲೆಗೆ ಕಳಿಸಲೇಬೇಕು, ಅಲ್ಲಿ ಕಪ್ಪು ಬೂಟು ಕಡ್ಡಾಯ. ಮಧ್ಯಾಹ್ನ ಕರೆಂಟ್ ಹೋದರೆ ಮನೆಯೊಳಗೂ ಬೆವರು. ಇದನ್ನು ಅನುಭವಿಸಿದವರು ಯಾರಾದರೂ ಇದ್ದರೆ ಹೇಳಿ. ಓದಿದ್ದು ಬೇಡ, ಮಾಡಿದ್ದು ಹೇಳಿ.

ಹಗರಿ ದಂಡೆ:

ಅಕ್ಕಾ, ನಿಮ್ಮ ಮಗನ ಕಾಲೇ ನನ್ನ ಕಾಲು. ವಯಸ್ಸು 34, ಊರು ಬಳ್ಳಾರಿ ಕಡೆ. ಅಮ್ಮನಿಂದ ನನಗೆ ಬಂತು, ತಂಗಿಗೆ ಬರಲಿಲ್ಲ.

ಒಡೆಯಬೇಕು. ಇದರಲ್ಲಿ ಎರಡು ಮಾತಿಲ್ಲ. ಬೇರೆಯವರ ಕಾಲಿನ ಬೊಬ್ಬೆ ಒಂದು ಕಡೆ ಎದ್ದರೆ ಅಲ್ಲೇ ನಿಲ್ಲುತ್ತದೆ, ಬಿಟ್ಟರೂ ಒಣಗುತ್ತದೆ. ನಮ್ಮದು ಹಾಗಲ್ಲ. ಒಳಗಿನ ನೀರಿನ ಒತ್ತಡಕ್ಕೆ ಸುತ್ತಲಿನ ಚರ್ಮ ಬಿಡಿಸಿಕೊಳ್ಳುತ್ತಾ ಹೋಗುತ್ತದೆ. ಸಂಜೆ ಕಡಲೆಕಾಳಿನಷ್ಟು ಇದ್ದದ್ದು ಅದರ ಮೇಲೆ ನಡೆದರೆ ಬೆಳಿಗ್ಗೆ ನಿಂಬೆಹಣ್ಣು. ಅತ್ತೆಯವರಿಗೆ ಹೇಳಿ, ನೀರು ತಾಗಿ ಹರಡುವುದಿಲ್ಲ, ನೀರು ಒಳಗೇ ಇದ್ದರೆ ಹರಡುತ್ತದೆ. ನಿಮ್ಮ ಮಾವನವರು ಮಾಡಿದ್ದು ಸರಿ, ಮುಳ್ಳು ಮಾತ್ರ ತಪ್ಪು.

ನಾನು ಮಾಡುವುದು ಹೀಗೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಪ್ಯಾಕೆಟ್ಟಿನ ಇಂಜೆಕ್ಷನ್ ಸೂಜಿ, ಒಂದು ಸಲಕ್ಕೆ ಒಂದು. ಕೈ ಸೋಪಿನಲ್ಲಿ ತೊಳೆದು, ಗುಳ್ಳೆಯ ತಗ್ಗಿನ ಅಂಚಿನಲ್ಲಿ ಸೂಜಿ ಮಲಗಿಸಿ ಒಂದು ಕಡೆಯಿಂದ ತೂರಿಸಿ ಇನ್ನೊಂದು ಕಡೆ ಹೊರಗೆ ತೆಗೆಯುತ್ತೇನೆ. ಎರಡು ತೂತು ಇದ್ದರೆ ಬೇಗ ಮುಚ್ಚಿಕೊಳ್ಳುವುದಿಲ್ಲ. ಗಾಜ್ ಬಟ್ಟೆಯಿಂದ ಮೆತ್ತಗೆ ಒತ್ತಿದರೆ ನೀರು ಬರುತ್ತದೆ. ಮೇಲಿನ ಸಿಪ್ಪೆ ಮಾತ್ರ ಕೀಳಬೇಡಿ. ಅದು ದೇವರು ಕೊಟ್ಟ ಬ್ಯಾಂಡೇಜು. ಕಿತ್ತರೆ ಅಡಿಯ ಹಸಿ ಚರ್ಮ ಉರಿದು ಜೀವ ಹೋಗುತ್ತದೆ. ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರು ಗುಳ್ಳೆಗೆ ಸೂಜಿ ದಾರ ಪೋಣಿಸಿ ದಾರ ಅಲ್ಲೇ ಬಿಡುತ್ತಾರಲ್ಲ, ಅದನ್ನು ನಮ್ಮ ಕಾಲಿಗೆ ಮಾಡಬೇಡಿ. ದಾರದ ಜೊತೆ ಕೊಳೆಯೂ ಒಳಗೆ ಹೋಗುತ್ತದೆ. ನಾನು ಒಮ್ಮೆ ಮಾಡಿಕೊಂಡು ಕೀವಾಗಿ ಹತ್ತು ದಿನ ಮಲಗಿದ್ದೇನೆ.

ನೀರು ಹೋದ ಮೇಲೆ ಕಾರ್ನ್ ಫ್ಲೋರ್. ಹೌದು, ಗೋಬಿ ಮಂಚೂರಿಗೆ ಹಾಕುವುದೇ. ಸಿಪ್ಪೆ ಗಟ್ಟಿ ಇದ್ದರೆ ಮೇಲೆ ಉದುರಿಸಿ, ಬೆವರು ಹೀರಿಕೊಂಡು ಉಜ್ಜಾಟ ಕಡಿಮೆಯಾಗುತ್ತದೆ. ಬೆಳಿಗ್ಗೆ ಸಾಕ್ಸಿನ ಒಳಗೂ ಒಂದು ಚಮಚ ಹಾಕಿ ಕೊಡವುತ್ತೇನೆ. ಸಿಪ್ಪೆ ಕಿತ್ತು ಹಸಿಯಾಗಿದ್ದರೆ ಬೇಡ, ಅಲ್ಲಿ ಅಂಟಿಕೊಂಡು ಗಟ್ಟಿಯಾಗಿ ಮತ್ತೆ ಚುಚ್ಚುತ್ತದೆ. ಹಸಿ ಗಾಯಕ್ಕೆ ವ್ಯಾಸಲೀನ್ ಗಾಜ್ ಇಟ್ಟು ಮೇಲೆ ಸಾದಾ ಬಟ್ಟೆ ಸುತ್ತಿ. ಅಂಟುವ ಪಟ್ಟಿ ನೇರವಾಗಿ ಚರ್ಮಕ್ಕೆ ಬೇಡವೇ ಬೇಡ. ಕೀಳುವಾಗ ಹೊಸ ಗುಳ್ಳೆ.

ಬೂಟಿನ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಸಡಿಲ ಇರಲಿ ಅಂತ ದೊಡ್ಡ ನಂಬರ್ ತರುತ್ತಾರೆ. ಸಡಿಲ ಬೂಟಿನಲ್ಲಿ ಕಾಲು ಜಾರುತ್ತದೆ, ಜಾರಿದರೆ ಉಜ್ಜುತ್ತದೆ. ಬೆರಳ ಹತ್ತಿರ ಅಗಲ ಇರಬೇಕು, ಹಿಮ್ಮಡಿ ಹಿಡಿದಿರಬೇಕು. ಅಂಗಡಿಯಲ್ಲೇ ಕೈ ಒಳಗೆ ಹಾಕಿ ಹೊಲಿಗೆ ಮುಟ್ಟಿ ನೋಡಿ, ನಿಮ್ಮ ಬೆರಳಿಗೆ ಹತ್ತಿದರೆ ಅವನ ಕಾಲಿಗೂ ಹತ್ತುತ್ತದೆ. ಸಾಕ್ಸ್ ತಿರುಗಿಸಿ ಹಾಕಿ, ಹೊಲಿಗೆ ಹೊರಗೆ ಬರಲಿ. ಹವಾಯಿ ಚಪ್ಪಲಿ ಮನೆಯಿಂದ ಆಚೆ ಎಸೆಯಿರಿ. ಹೆಬ್ಬೆರಳ ಸಂದಿಯ ಆ ಉಂಗುಟ ನಮ್ಮ ಜನ್ಮವೈರಿ.

ಮನೆಯಲ್ಲಿ ಫರಸಿ ಹಾಸಿದ್ದರೆ ನೀವು ಪುಣ್ಯವಂತರು. ನಿಮ್ಮ ಹೆಸರು ನೋಡಿದರೆ ಇದ್ದೇ ಇರುತ್ತದೆ ಬಿಡಿ. ಮಧ್ಯಾಹ್ನ ಶಹಾಬಾದ್ ಕಲ್ಲಿನ ಮೇಲೆ ಅಂಗಾಲು ಊರಿ ಕೂರಿಸಿ. ಕಾಲು ತಣ್ಣಗಿದ್ದಷ್ಟು ಗುಳ್ಳೆ ಕಡಿಮೆ.

ಸುಬ್ಬಣ್ಣನ ಕಟ್ಟೆ:

ಇದೆಲ್ಲ ಮೈಯಲ್ಲಿ ಉಷ್ಣ ಜಾಸ್ತಿಯಾಗಿ ಬರುವುದು ತಾಯಿ. ಬೆಲ್ಲ, ಕೋಳಿ, ಮೊಟ್ಟೆ, ಮಾವಿನಹಣ್ಣು ನಿಲ್ಲಿಸಿ. ನೆತ್ತಿಗೆ ಹರಳೆಣ್ಣೆ ಹಾಕಿ. ಗುಳ್ಳೆಗೆ ಕೆಮ್ಮಣ್ಣು ಕಲಸಿ ಹಚ್ಚಿ, ಮೂರು ದಿನದಲ್ಲಿ ಇಂಗುತ್ತದೆ. ನಮ್ಮೂರಲ್ಲಿ ಸರ್ಪಸುತ್ತಿಗೆ ಇದನ್ನೇ ಹಚ್ಚುವುದು. ಸೂಜಿ ಗೀಜಿ ಅಂತ ಮಗುವಿನ ಕಾಲು ಕೆಡಿಸಬೇಡಿ.

ರಾತ್ರಿ ಪಾಳಿ:

ಸುಬ್ಬಣ್ಣನವರೇ, ಬೇಸರ ಮಾಡಿಕೊಳ್ಳಬೇಡಿ, ಆದರೆ ಇದನ್ನು ಓದಿ ಯಾರಾದರೂ ಹಸಿ ಗಾಯಕ್ಕೆ ಮಣ್ಣು ಹಚ್ಚಿದರೆ ಕಷ್ಟ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಬೆಂಗಳೂರಿನಲ್ಲಿ ಚರ್ಮರೋಗ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದೇನೆ.

ಸರ್ಪಸುತ್ತು ವೈರಸ್‌ನಿಂದ ಬರುವುದು, ತಾನಾಗಿಯೇ ಕೆಲವು ವಾರದಲ್ಲಿ ಹೋಗುವುದು. ಹಾಗಾಗಿ ಏನು ಹಚ್ಚಿದರೂ ಅದಕ್ಕೇ ಹೆಸರು ಬರುತ್ತದೆ. ಇದು ಬೇರೆ. ನುಲಿಯ ಹೊರಸು ನೋಡಿದ್ದೀರಲ್ಲ? ನಮ್ಮ ಚರ್ಮದ ಮೇಲ್ಪದರದ ತೀರಾ ತಳದಲ್ಲಿರುವ ಜೀವಕೋಶಗಳ ಒಳಗೆ ಅಂಥದ್ದೇ ನುಲಿ ಇರುತ್ತದೆ. ಕೆರಾಟಿನ್ 5, ಕೆರಾಟಿನ್ 14 ಅಂತ ಎರಡು ಎಳೆ ಸೇರಿ ಹೆಣೆದಿರುತ್ತವೆ. ಎರಡರಲ್ಲಿ ಒಂದರ ಜೀನ್ ತಪ್ಪಿದ್ದರೆ ಹೆಣಿಗೆ ಜೊಳ್ಳು. ಉಜ್ಜಿದರೆ ಕೋಶವೇ ಹರಿದು ಆ ಜಾಗದಲ್ಲಿ ನೀರು ತುಂಬಿಕೊಳ್ಳುತ್ತದೆ. ಶಾಖಕ್ಕೆ ಈ ಹೆಣಿಗೆ ಇನ್ನೂ ಕುಸಿಯುತ್ತದೆ, ಮೇಲಿಂದ ಬೆವರು ಚರ್ಮವನ್ನು ಮೆತ್ತಗೆ ಮಾಡಿ ಸಾಕ್ಸಿಗೆ ಅಂಟಿಸುತ್ತದೆ. ಬೇಸಿಗೆಯಲ್ಲಿ ಜಾಸ್ತಿ ಆಗುವುದು ಇದಕ್ಕೆ. ಉಷ್ಣ ಹೊರಗಿನದ್ದು, ಬೆಲ್ಲದ್ದಲ್ಲ. ಮಗು ಮಾವಿನಹಣ್ಣು ತಿನ್ನಲಿ ಬಿಡಿ, ಗಾಯ ಮಾಯಲು ಮೊಟ್ಟೆ, ಬೇಳೆ ಬೇಕೇ ಬೇಕು.

ಅಂಟುರೋಗ ಅಲ್ಲ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ 50 ಪರ್ಸೆಂಟ್. ಹಗರಿ ದಂಡೆಯವರ ತಂಗಿಯಂತೆ ಆ ಜೀನ್ ಬರದೇ ಇದ್ದವರು ಮುಂದಕ್ಕೆ ದಾಟಿಸುವುದೂ ಇಲ್ಲ. ಈ ಬಗೆಯಲ್ಲಿ ಸಾಮಾನ್ಯವಾಗಿ ಕಲೆ ಉಳಿಯುವುದಿಲ್ಲ, ಆಯಸ್ಸಿಗೆ ತೊಂದರೆ ಇಲ್ಲ. ಒಂದು ವಾಟ್ಸಾಪ್ ಸುದ್ದಿ ಓಡಾಡುತ್ತಿದೆ, ಅಮೆರಿಕದಲ್ಲಿ ಗುಳ್ಳೆ ರೋಗಕ್ಕೆ ಜೀನ್ ಜೆಲ್ ಬಂದಿದೆ ಅಂತ. ಬಂದಿರುವುದು ನಿಜ, 2023ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದು ಡಿಸ್ಟ್ರೋಫಿಕ್ ಅನ್ನುವ ಬಗೆಗೆ. ಅಲ್ಲಿ ಕೆಟ್ಟಿರುವುದು ಕೊಲಾಜೆನ್ 7, ಚರ್ಮ ಇನ್ನೂ ಆಳದಲ್ಲಿ ಬಿಟ್ಟುಕೊಳ್ಳುತ್ತದೆ, ತುಂಬಾ ಕಠಿಣವಾದ ರೋಗ. ನಿಮ್ಮ ಮಗನದ್ದಕ್ಕೆ ಅದು ಔಷಧಿ ಅಲ್ಲ. ದುಡ್ಡು ಕೇಳಿಕೊಂಡು ಯಾರಾದರೂ ಬಂದರೆ ನಂಬಬೇಡಿ.

ಸೂಜಿಯ ವಿಷಯ ಮೇಲಿನವರು ಸರಿಯಾಗಿ ಬರೆದಿದ್ದಾರೆ. ಮೊದಲ ಸಲ ನಿಮ್ಮ ಡಾಕ್ಟರ್ ಅಥವಾ ನರ್ಸ್ ಮುಂದೆ ಮಾಡಿ ಕಲಿಯಿರಿ. ಬಿಚ್ಚಿಕೊಂಡ ಗಾಯ ಉರಿಯುತ್ತಿದ್ದರೆ ಉಪ್ಪುನೀರಿನಲ್ಲಿ ಕಾಲಿಡಬಹುದು. ಕಾಯಿಸಿ ಆರಿಸಿದ ನೀರು ಒಂದು ಲೀಟರಿಗೆ 9 ಗ್ರಾಂ ಉಪ್ಪು, ಅಂದರೆ ಸುಮಾರು ಒಂದೂವರೆ ಟೀ ಚಮಚ. ಉಪ್ಪು ಅಂದರೆ ಉರಿ ಅಂದುಕೊಳ್ಳುತ್ತೇವೆ, ಆದರೆ ಆ ಪ್ರಮಾಣದಲ್ಲಿ ಬರೀ ನೀರಿಗಿಂತ ಅದೇ ಕಡಿಮೆ ಉರಿಯುತ್ತದೆ, ಏಕೆಂದರೆ ನಮ್ಮ ಮೈಯೊಳಗಿನ ನೀರೂ ಹೆಚ್ಚುಕಡಿಮೆ ಅಷ್ಟೇ ಉಪ್ಪು. ಐಸ್ ನೇರವಾಗಿ ಇಡಬೇಡಿ. ಕೀವು, ವಾಸನೆ, ಸುತ್ತ ಕೆಂಪು ಹರಡುವುದು, ಕಾಲ ಮೇಲೆ ಕೆಂಪು ಗೆರೆ ಏರುವುದು, ಜ್ವರ, ಇದರಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ.

ಇನ್ನೊಂದು, ಇದು ಓದುವ ದೊಡ್ಡವರಿಗೆ. ನಡುವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಬಾಯಲ್ಲಿ ಮಾಯದ ಹುಣ್ಣು, ಆಮೇಲೆ ಮೈಮೇಲೆ ಗುಳ್ಳೆ ಎದ್ದರೆ ಮನೆತನದ ಕಾಲು ಅಂತ ಕೂರಬೇಡಿ. ಅದು ಪೆಂಫಿಗಸ್ ಇರಬಹುದು, ಬೇರೆಯದೇ ರೋಗ, ಅದಕ್ಕೆ ಚಿಕಿತ್ಸೆ ಇದೆ, ತಡ ಮಾಡಿದರೆ ಅಪಾಯ.

ಸೆಕೆಯೂರು:

ನನ್ನದು ಇಬಿ ಅಲ್ಲ, ಆದರೂ ಬರೆಯುತ್ತೇನೆ, ಫಂಗಸ್ ಮುಲಾಮಿನ ಕಥೆ ಓದಿ ಸುಮ್ಮನಿರಲು ಆಗಲಿಲ್ಲ. ಮಂಗಳೂರಿನವಳು, 46 ವರ್ಷ, ನನಗಿರುವುದು ಹೇಲಿ-ಹೇಲಿ. ಅಣ್ಣ ತಮ್ಮ ಇಬ್ಬರು ಡಾಕ್ಟರ್‌ಗಳು 1939ರಲ್ಲಿ ಇದನ್ನು ವಿವರಿಸಿದರಂತೆ, ಅದಕ್ಕೆ ಹೆಸರು ಎರಡು ಸಲ. ಮೊದಲ ಸಲ ಕೇಳಿದಾಗ ಡಾಕ್ಟರ್ ತೊದಲುತ್ತಿದ್ದಾರೆ ಅಂದುಕೊಂಡೆ.

ಇದು ಬರುವುದು ಕಂಕುಳು, ಕುತ್ತಿಗೆ, ಎದೆಯ ಕೆಳಗೆ, ತೊಡೆ ಸಂದಿ. ಚರ್ಮ ಚರ್ಮಕ್ಕೆ ಉಜ್ಜುವ ಕಡೆ ಸಣ್ಣ ಗುಳ್ಳೆ ಎದ್ದು ಒಡೆದು ಹಸಿಯಾಗಿ ಸೀಳುತ್ತದೆ. ಹೇಳಿಕೊಳ್ಳಲೂ ನಾಚಿಕೆ. ಹನ್ನೊಂದು ವರ್ಷ ನಾನು ಮೆಡಿಕಲ್‌ನಲ್ಲಿ ಚೀಟಿ ಇಲ್ಲದೆ ಸಿಗುವ ಮಿಕ್ಸ್ ಮುಲಾಮು ಹಚ್ಚಿದೆ. ಸ್ಟಿರಾಯ್ಡ್, ಫಂಗಸ್ ಔಷಧಿ, ಆಂಟಿಬಯಾಟಿಕ್ ಎಲ್ಲ ಒಂದೇ ಟ್ಯೂಬಿನಲ್ಲಿ. ಎರಡು ದಿನ ಆರಾಮ, ಬಿಟ್ಟರೆ ಮತ್ತೆ. ತೊಡೆ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಮೇಲೆ ಒಬ್ಬರು ಬಯಾಪ್ಸಿ ಮಾಡಿಸಿದರು. ಸ್ಟಿರಾಯ್ಡ್ ಈಗಲೂ ಹಚ್ಚುತ್ತೇನೆ, ಆದರೆ ಜೋರಾದಾಗ ಮಾತ್ರ, ಡಾಕ್ಟರ್ ಹೇಳಿದಷ್ಟು ದಿನ.

ಕಲಬುರಗಿಯವರಿಗೆ ಒಂದು ಮಾತು. ನಿಮ್ಮದು ಒಣ ಬಿಸಿಲು, ಕೂಲರ್ ಕೆಲಸ ಮಾಡುತ್ತದೆ. ನಮ್ಮದು ಸೆಕೆ. ಗಾಳಿಯೇ ಒದ್ದೆ ಇರುವಾಗ ಕೂಲರ್ ಇಟ್ಟರೆ ಬಟ್ಟೆ ಹಿಂಡಬೇಕು. ನನಗೆ ಫ್ಯಾನು, ಮಧ್ಯಾಹ್ನ ಇನ್ನೊಂದು ಸ್ನಾನ, ಒತ್ತಿ ಒರೆಸುವುದು, ಉಜ್ಜಿ ಅಲ್ಲ. ಅಜ್ಜನ ಹಳೇ ಪಂಚೆ ಹರಿದು ಕಂಕುಳಿಗೂ ಎದೆಯ ಕೆಳಗೂ ಮಡಿಕೆ ಇಡುತ್ತೇನೆ, ಒದ್ದೆಯಾದ ಕೂಡಲೇ ಬದಲು. ಬ್ಯಾಗಿನಲ್ಲಿ ಯಾವಾಗಲೂ ಆರು ತುಂಡು ಇರುತ್ತವೆ. ನಿಮ್ಮ ಮಗನಿಗೂ ಶಾಲೆಗೆ ಎರಡು ಜೊತೆ ಸಾಕ್ಸ್ ಕಳಿಸಿ, ಊಟದ ಹೊತ್ತಿಗೆ ಬದಲಿಸಲಿ.

ಫರಸಿಕಲ್ಲು:

ಎಲ್ಲರಿಗೂ ದೊಡ್ಡ ನಮಸ್ಕಾರ. ಸೂಜಿ ನಮ್ಮ ಡಾಕ್ಟರ್ ಮುಂದೆ ಕಲಿತು ಬಂದೆ. ಮೊದಲ ದಿನ ನನ್ನ ಕೈ ನಡುಗುತ್ತಿತ್ತು, ಅವನು "ಅಮ್ಮ, ನೋಯಲ್ಲ, ನೀನು ಕಣ್ಣು ಮುಚ್ಚಬೇಡ" ಅಂದ. ಗುಳ್ಳೆ ಸಿಪ್ಪೆಗೆ ನೋವು ಗೊತ್ತಾಗುವುದಿಲ್ಲವಲ್ಲ. ನೀರು ಹೋದ ಕೂಡಲೇ ಕಾಲು ಊರಿದ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು, ಏನೂ ಅನ್ನಲಿಲ್ಲ. ಮಾರನೇ ದಿನ ಅವರೇ ಕಾರ್ನ್ ಫ್ಲೋರ್ ಡಬ್ಬಿ ಹಿಡಿದು ಕೂತಿದ್ದರು.

ಶಾಲೆಯದ್ದು ಸುಲಭ ಆಗಲಿಲ್ಲ. ಒಬ್ಬನಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ ಅಂದರು. ಡಾಕ್ಟರ್ ಚೀಟಿ ಕೊಟ್ಟೆ, ಆಮೇಲೆ ಫೋನಿನಲ್ಲಿ ಜಾತ್ರೆ ರಾತ್ರಿಯ ಫೋಟೋ ತೋರಿಸಿದೆ. ಚೀಟಿಗಿಂತ ಫೋಟೋ ಕೆಲಸ ಮಾಡಿತು. ಈಗ ವೆಲ್ಕ್ರೋ ಸ್ಯಾಂಡಲ್ ಹಾಕಬಹುದು, ಪ್ರಾರ್ಥನೆಗೆ ಬಿಸಿಲಲ್ಲಿ ನಿಲ್ಲಬೇಕಿಲ್ಲ, ವರಾಂಡದಲ್ಲಿ ನಿಲ್ಲುತ್ತಾನೆ.

ಆದರೆ ಹೊಸ ಸಮಸ್ಯೆ. ಕ್ರಿಕೆಟ್. ಓಡಬೇಡ ಅಂದಿದ್ದಕ್ಕೆ ಬ್ಯಾಟಿಂಗ್ ಮಾತ್ರ ಮಾಡುತ್ತೇನೆ, ರನ್ ಬೇರೆಯವನು ಓಡುತ್ತಾನೆ ಅಂತ ಓಣಿಯ ಹುಡುಗರ ಜೊತೆ ಒಪ್ಪಂದ ಮಾಡಿಕೊಂಡಿದ್ದಾನೆ. ಈಗ ಅಂಗೈಯಲ್ಲಿ ಗುಳ್ಳೆ. ಬಿಡಿಸಲೇ? ಮನಸ್ಸು ಬರುತ್ತಿಲ್ಲ.

ಹಗರಿ ದಂಡೆ:

ಬಿಡಿಸಬೇಡಿ ಅಕ್ಕಾ. ನನ್ನನ್ನು ಬಿಡಿಸಿದ್ದರು. ಸ್ಕೋರ್ ಬರೆಯಲು ಕೂರಿಸಿದರು, ಇಪ್ಪತ್ತು ವರ್ಷ ಆದರೂ ಆ ಸಿಟ್ಟು ಹೋಗಿಲ್ಲ. ಗುಳ್ಳೆಯನ್ನು ಲೆಕ್ಕ ಹಾಕಿ ಖರ್ಚು ಮಾಡುವುದು ಕಲಿಸಿ. ನಾಳೆ ಮದುವೆಗೆ ಹೋಗುವುದಿದ್ದರೆ ಇವತ್ತು ಆಟ ಇಲ್ಲ. ನಾಳೆ ರಜೆ ಇದ್ದರೆ ಇವತ್ತು ಆರು ಓವರ್. ಬಿಸಿಲು ಇಳಿದ ಮೇಲೆ ಆಡಲಿ. ಬ್ಯಾಟಿನ ಹಿಡಿಗೆ ರಬ್ಬರ್ ಗ್ರಿಪ್ ತೆಗೆದು ಮೆತ್ತನೆ ಹತ್ತಿ ಬಟ್ಟೆ ಸುತ್ತಿ, ಗ್ಲೌಸ್ ಒಳಗೂ ತೆಳು ಹತ್ತಿ ಗ್ಲೌಸ್ ಹಾಕಿಸಿ. ಈಜು ಸಿಕ್ಕರೆ ಇನ್ನೂ ಒಳ್ಳೆಯದು, ನೀರಲ್ಲಿ ಉಜ್ಜಾಟ ಇಲ್ಲ, ಕೊಳಕ್ಕೆ ನಡೆದು ಹೋಗುವ ಸುಡುವ ಕಾಂಕ್ರೀಟ್ ದಾರಿಗೆ ಮಾತ್ರ ಸ್ಯಾಂಡಲ್.

ಮತ್ತೆ, ನಿಮ್ಮವರ ಕಾಲು ಹೇಗಿದೆ? ಮಗನ ಬಗ್ಗೆ ಇಷ್ಟು ಬರೆದಿರಿ, ಅವರ ಬಗ್ಗೆ ಏನೂ ಇಲ್ಲ.

ಫರಸಿಕಲ್ಲು:

ತಡವಾಗಿ ಬರೆಯುತ್ತಿದ್ದೇನೆ, ಮೇ ಬಂದುಬಿಟ್ಟಿತು. ಹೊರಗೆ 42 ಡಿಗ್ರಿ.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಹೋದ ವಾರ ಒಂದು ಗುಳ್ಳೆ ಕೀವಾಯಿತು, ಸಂಜೆಯೇ ಓಡಿದೆವು, ಐದು ದಿನ ಮಾತ್ರೆ. ಬೆವರು ಕಡಿಮೆ ಮಾಡುವ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣ ಕೊಟ್ಟಿದ್ದರು. ಗಾಯ ಇಲ್ಲದ ಕಡೆ ಮಾತ್ರ ಅಂದಿದ್ದರು, ಒಂದು ಸಣ್ಣ ಸೀಳು ಕಾಣದೆ ಹಚ್ಚಿ ಮನೆ ಎದ್ದು ಕೂತಿತು ಅವನ ಕೂಗಿಗೆ. ಬಿಟ್ಟಿದ್ದೇನೆ. ಕಾರ್ನ್ ಫ್ಲೋರ್ ಮತ್ತು ಮಧ್ಯಾಹ್ನದ ಸಾಕ್ಸ್ ಬದಲು, ಇವೆರಡು ನಿಜವಾಗಿ ಕೆಲಸಕ್ಕೆ ಬಂದವು. ಕರೆಂಟ್ ಹೋದಾಗ ಫರಸಿಗೆ ನೀರು ಚಿಮುಕಿಸಿ ಒರೆಸಿ ಕಾಲು ಚಾಚಿ ಕೂರುತ್ತಾನೆ.

ನಮ್ಮವರ ಬಗ್ಗೆ ಕೇಳಿದಿರಿ. ಇವರು ಕೆಲಸದಿಂದ ಬಂದ ಕೂಡಲೇ ಬಾಗಿಲು ಹಾಕಿಕೊಂಡು ಒಳಗೆ ಹೋಗುವುದು ಮೊದಲಿನಿಂದ ಅಭ್ಯಾಸ. ಸುಸ್ತು ಅಂದುಕೊಂಡಿದ್ದೆ. ಸಾಕ್ಸ್ ಒಗೆಯಲು ಕೊಡದೆ ತಾವೇ ಒಗೆಯುತ್ತಿದ್ದದ್ದು ಯಾಕೆ ಅಂತ ಈಗ ಗೊತ್ತಾಯಿತು. ಹದಿನೈದು ದಿನದ ಹಿಂದೆ ಮಗ ಅವರ ಕೋಣೆಯ ಬಾಗಿಲು ಬಡಿದು "ಪಪ್ಪಾ, ನಿಂದು ಎಷ್ಟು ಇವತ್ತು, ನಂದು ಎರಡು" ಅಂದ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಒಳಗಿಂದ "ಐದು" ಅಂದರು. ಈಗ ಇಬ್ಬರೂ ಪಡಸಾಲೆಯಲ್ಲೇ ಕಾಲು ಚಾಚಿ ಕೂರುತ್ತಾರೆ, ಸೂಜಿ ಪ್ಯಾಕೆಟ್ ನಡುವೆ ಇರುತ್ತದೆ.

ಹಗರಿ ದಂಡೆಯವರೇ, ದೊಡ್ಡವರ ಅಂಗಾಲಿಗೆ ಬೊಟಾಕ್ಸ್ ಇಂಜೆಕ್ಷನ್ ಕೊಟ್ಟು ಬೆವರು ನಿಲ್ಲಿಸುತ್ತಾರೆ ಅಂತ ಡಾಕ್ಟರ್ ಹೇಳಿದರು, ದುಬಾರಿ, ನೋವೂ ಇದೆ, ಕೆಲವು ತಿಂಗಳಿಗೆ ಮತ್ತೆ ಮಾಡಿಸಬೇಕಂತೆ. ಇವರು ಯೋಚನೆ ಮಾಡುತ್ತಿದ್ದಾರೆ. ನೀವು ಮಾಡಿಸಿದ್ದೀರಾ?

ಹಗರಿ ದಂಡೆ:

ಒಂದು ಸಲ ಮಾಡಿಸಿದೆ, ಮದುವೆಗೆ ಮುಂಚೆ. ಆ ಬೇಸಿಗೆ ಚೆನ್ನಾಗಿತ್ತು, ಸಪ್ತಪದಿ ನೆಟ್ಟಗೆ ತುಳಿದೆ. ಆದರೆ ಅಂಗಾಲಿಗೆ ಅಷ್ಟು ಸೂಜಿ ಚುಚ್ಚಿಸಿಕೊಳ್ಳುವುದು ಅಂದರೆ ಬೇಡಪ್ಪಾ ಬೇಡ, ಮೊದಲೇ ಮರಗಟ್ಟಿಸಲು ಕೇಳಿಕೊಳ್ಳಲಿ. ಅವರನ್ನು ಇಲ್ಲಿಗೇ ಬರೆಯಲು ಹೇಳಿ, ನಾನು ವಿವರ ಕೊಡುತ್ತೇನೆ.